ನೆವಿಲ್ ಹಾಸ್ಕಿನ್‌ನ ಎಡ ಹೆಬ್ಬೆರಳು

2018ನೇ ಇಸವಿ ಅಕ್ಟೋಬರ್ 15, ಸೋಮವಾರ, ಬೆಳಿಗ್ಗೆ 6 ಗಂಟೆ 52 ನಿಮಿಷಕ್ಕೆ ನೆವಿಲ್ ಹಾಸ್ಕಿನ್ ತನ್ನ ಎಡಗೈ ಹೆಬ್ಬೆರಳನ್ನು ತಾನೇ ಕೊಯ್ದುಕೊಂಡ.

ಇದೇನು ಮಹಾ ಎನ್ನಬಹುದು. ಆ ಹೊತ್ತಿಗೆ ನ್ಯೂಕಾಸಲ್ ಪಟ್ಟಣದಲ್ಲಿ ಟೊಮೇಟೊ ಹೆಚ್ಚುತ್ತಲೋ ಗಡ್ಡ ಹೆರೆಯುತ್ತಲೋ ಚರ್ಮ ಕೊಯ್ದುಕೊಂಡವರು ಇನ್ನೂ ಹತ್ತಾರು ಮಂದಿ ಇದ್ದಿರಬಹುದು. ಆದರೆ ಅವರಲ್ಲಿ ಯಾರೂ ಸರಿಯಾಗಿ ಎಂಟು ನಿಮಿಷದ ನಂತರ ಹನ್ನೊಂದು ಜನ ಕೆಲಸಗಾರರ ಮುಂದೆ ನಿಂತು, ಚಾಕು ಹಿಡಿದೂ ಕೈ ಉಳಿಸಿಕೊಳ್ಳುವುದು ಹೇಗೆ ಎಂದು ಉಪದೇಶ ಮಾಡಬೇಕಾಗಿರಲಿಲ್ಲ.

ನೆವಿಲ್‌ನದು ಜಿಪ್ಸಮ್ ಬೋರ್ಡಿನ ಕೆಲಸ. ಗೋಡೆಗೂ ಸೂರಿಗೂ ಬೋರ್ಡು ಹೊಡೆದು, ಬೋರ್ಡು ಬೋರ್ಡಿನ ನಡುವಿನ ಸಂದಿಗೆ ಪುಟ್ಟಿ ಬಳಿದು, ಅಲ್ಲಿ ಸಂದಿಯಿತ್ತೆಂಬುದನ್ನೇ ಲೋಕ ಮರೆಯುವಂತೆ ಮಾಡುವುದು ಅವನ ಕಸುಬು. ಬೋರ್ಡನ್ನು ಗರಗಸದಿಂದ ಕೊಯ್ಯುವುದಿಲ್ಲ. ಮೇಲಿನ ಕಾಗದವನ್ನು ಚಾಕುವಿನಿಂದ ಗೀರಿ, ಮಂಡಿ ಕೊಟ್ಟು ಮುರಿಯುತ್ತಾರೆ. ದಿನಕ್ಕೆ ಇನ್ನೂರು ಸಲ, ವರ್ಷಕ್ಕೆ ಇನ್ನೂರ ಮೂವತ್ತು ದಿನ, ಮೂವತ್ತೊಂದು ವರ್ಷ. ಲೆಕ್ಕ ಹಾಕಿದರೆ ಸುಮಾರು ಹದಿನಾಲ್ಕು ಲಕ್ಷ ಸಲ ನೆವಿಲ್ ಚಾಕು ಎಳೆದಿದ್ದ. ಒಂದು ಸಲವೂ ಚರ್ಮಕ್ಕೆ ತಾಗಿರಲಿಲ್ಲ. ಆ ಊರಿನಲ್ಲಿ ಒಬ್ಬನಿಗೆ ದೋಣಿಯ ಹೆಮ್ಮೆ, ಇನ್ನೊಬ್ಬನಿಗೆ ರೇಸಿನ ನಾಯಿಯ ಹೆಮ್ಮೆ. ನೆವಿಲ್‌ಗೆ ಇದ್ದದ್ದು ಹತ್ತು ಬೆರಳು. ಯಾರಾದರೂ ಹೊಸಬರು ಸಿಕ್ಕರೆ ಹವಾಮಾನದ ಮಾತಿಗೂ ಮೊದಲು ಅವನ್ನು ಹರಡಿ ತೋರಿಸುತ್ತಿದ್ದ.

ಅವನ ಬಳಿ ಎರಡು ಚಾಕುಗಳಿದ್ದವು. ಒಂದು ಸೊಂಟದ ಚರ್ಮದ ಚೀಲದಲ್ಲಿ: ಹಿತ್ತಾಳೆ ಹಿಡಿ, ದಿನಕ್ಕೊಂದು ಹೊಸ ಬ್ಲೇಡು, ಹಲ್ಲುಜ್ಜುವ ಬ್ರಷ್ಷಿನಲ್ಲಿ ಒಣದಾಗಿ ತಿಕ್ಕಿದ ಮೈ. ಇನ್ನೊಂದು ಅವನ ಪಿಕಪ್ ಗಾಡಿಯ ಡ್ರಾಯರಿನಲ್ಲಿ, ಹಳೆ ರಸೀದಿಗಳ ಕೆಳಗೆ. ಒಂದು ಉತ್ಸವಮೂರ್ತಿ, ಇನ್ನೊಂದು ಮೂಲವಿಗ್ರಹ. ಮೂಲವಿಗ್ರಹಕ್ಕೆ ಬ್ಲೇಡು ಬದಲಿಸಿದ್ದು ಈಸ್ಟರ್ ಹಬ್ಬದ ಹೊತ್ತಿಗೆ.

ಆ ಸೋಮವಾರ ಕಂಪನಿಯಿಂದ ಪೋಸ್ಟರುಗಳ ಕಟ್ಟು ಬಂದಿತ್ತು. ‘ಹರಿತ ಬ್ಲೇಡು, ಭದ್ರ ಕೈ’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಕಟ್ಟಿಗೆ ಪ್ಲಾಸ್ಟಿಕ್ ಪಟ್ಟಿ ಬಿಗಿದಿದ್ದರು. ಅದಕ್ಕೆ ಒಳ್ಳೆಯ ಬ್ಲೇಡು ಯಾಕೆ ಹಾಳು ಮಾಡುವುದೆಂದು ನೆವಿಲ್ ಡ್ರಾಯರಿನ ಚಾಕು ತೆಗೆದ. ಬ್ಲೇಡು ಮೊಂಡು, ಪಟ್ಟಿ ಹರಿಯಲಿಲ್ಲ. ಬಲ ಹಾಕಿದ. ಪಟ್ಟಿ ಆಗಲೂ ಹರಿಯಲಿಲ್ಲ. ಚಾಕು ಜಾರಿತು.

ರಕ್ತ ಮೂರು ತೊಟ್ಟು, ಪಕ್ಕದ ರಾಶಿಯ ಮೇಲಿನ ಬೋರ್ಡಿನ ಮೇಲೆ ಬಿತ್ತು. ನೆವಿಲ್ ಬೆರಳಿಗೆ ಟಿಶ್ಯೂ ಸುತ್ತಿ, ಅದರ ಮೇಲೆ ಸಂದಿಗೆ ಅಂಟಿಸುವ ಕಾಗದದ ಟೇಪು ಬಿಗಿದು, ಗಾಡಿಯ ಹಿಂದೆ ಬಿದ್ದಿದ್ದ ದಪ್ಪ ಚರ್ಮದ ಗ್ಲೌಸಿನೊಳಗೆ ಕೈ ತೂರಿಸಿ ಹೊರಟ.

“ನೆವ್, ಕೈಗೆ ಏನದು?” ಎಂದ ಸಿಯೋನೆ ವೈಪುಲು. ಸಿಯೋನೆ ಟೋಂಗಾದವನು, ಬಾಗಿಲು ತುಂಬುವ ಆಳು, ಪುಟ್ಟಿ ಕೆಲಸದಲ್ಲಿ ಆ ಜಿಲ್ಲೆಗೇ ಒಬ್ಬ. ಮುಂದಿನ ತಿಂಗಳು ಮೇಸ್ತ್ರಿ ಆಗುವವನು ಎಂದು ಎಲ್ಲರಿಗೂ ಗೊತ್ತಿತ್ತು.

“ಗ್ಲೌಸು.”

“ಅದು ಕಾಣ್ತಿದೆ ಗುರೂ. ಒಂದೇ ಯಾಕೆ?”

ನೆವಿಲ್ ವಾಪಸು ಹೋಗಿ ಎರಡನೆಯದನ್ನೂ ಹಾಕಿಕೊಂಡು ಬಂದ.

ಏಳು ಗಂಟೆಗೆ ಎಲ್ಲರೂ ಕಟ್ಟುತ್ತಿದ್ದ ಶಾಲೆಯ ಅಂಗಳದಲ್ಲಿ ಸೇರಿದರು. ಸೋಮವಾರದ ಈ ಹತ್ತು ನಿಮಿಷ ಅಲ್ಲಿ ಪ್ರಾರ್ಥನೆಯಿದ್ದ ಹಾಗೆ. ಬರುವವರು ಎಲ್ಲರೂ, ಕೇಳುವವರು ಯಾರೂ ಇಲ್ಲ.

“ಒಂದು ತಿಳ್ಕೊಳಿ,” ಎಂದ ನೆವಿಲ್, ಗ್ಲೌಸಿನ ತೋರುಬೆರಳೆತ್ತಿ. “ಕಚ್ಚೋದು ಹರಿತವಾದ ಬ್ಲೇಡಲ್ಲ, ಮೊಂಡು ಬ್ಲೇಡು. ಹರಿತವಾದದ್ದು ಹೇಳಿದ ಕಡೆ ಹೋಗತ್ತೆ. ಮೊಂಡಾದ್ದಕ್ಕೆ ನೀವು ಬಲ ಹಾಕ್ತೀರಿ, ಅದು ತನಗೆ ಬೇಕಾದ ಕಡೆ ಹೋಗತ್ತೆ. ಜಿಪ್ಸಮ್ ಪುಡಿ ಕೂತ ಚಾಕುಗೆ ಎಣ್ಣೆ ಬಿಡ್ಬೇಡಿ, ಪಾಯಸ ಆಗತ್ತೆ. ಒಣ ಬ್ರಷ್ಷು ಸಾಕು. ಬಿಸ್ಕತ್ ಡಬ್ಬದ ಮುಚ್ಚಳಕ್ಕೆ ಸೀಳು ಮಾಡಿಟ್ಟಿದೀನಿ, ಹಳೇ ಬ್ಲೇಡು ಅದ್ರಲ್ಲಿ ಹಾಕಿ. ಇನ್ನು, ಅಪ್ಪಿತಪ್ಪಿಯೂ ನಿಮ್ಮ ಕೈ ಕಡೆಗೇ ಎಳೀಬೇಡಿ. ಅಂಥ ಕತ್ತೆ ಕೆಲಸ ಯಾರು ಮಾಡ್ತಾರೆ ಹೇಳಿ?”

ಗ್ಲೌಸಿನೊಳಗೆ ಹೆಬ್ಬೆರಳು ಮಾತ್ರ ಟಪಟಪ ಮಿಡಿಯಿತು.

ಅಷ್ಟರಲ್ಲಿ ಫೆಲಿಸಿಟಿ ಗ್ರೋವ್ಸ್ ಬಂದಳು. ಕಂಪನಿಯ ಸುರಕ್ಷತಾ ಅಧಿಕಾರಿ. ವಯಸ್ಸು ಇಪ್ಪತ್ತೊಂಬತ್ತು, ಕಂಡದ್ದನ್ನೆಲ್ಲ ಟ್ಯಾಬಿನಲ್ಲಿ ಬರೆದುಕೊಳ್ಳುವ, ಕಾಣದ್ದಕ್ಕೆ ಅದರಲ್ಲಿ ಖಾಲಿ ಜಾಗ ಬಿಡುವ ಹೆಣ್ಣುಮಗಳು.

“ನೆವಿಲ್! ಗ್ಲೌಸ್ ಹಾಕಿದೀರಾ? ಹೇಳಿಸಿಕೊಳ್ದೆ, ನೀವಾಗೇ?”

“ಹೂಂ… ಅಂದ್ಕೊಂಡೆ… ಮೇಲ್ಪಂಕ್ತಿ ಅಂತ…”

“ಮೂವತ್ತೊಂದು ವರ್ಷ ಗಾಯ ಆಗದವರೇ ಹಾಕ್ಕೊಂಡ್ರೆ ಉಳಿದವರು ಏನು ಹೇಳೋಕಾಗತ್ತೆ? ಇವತ್ತಿಂದ ಎಲ್ಲರಿಗೂ ಗ್ಲೌಸ್!” ಎಂದು ಬರೆದುಕೊಂಡೇಬಿಟ್ಟಳು.

ಹನ್ನೊಂದು ಜೊತೆ ಕಣ್ಣು ನೆವಿಲ್ ಕಡೆ ತಿರುಗಿದವು. ದಪ್ಪ ಗ್ಲೌಸ್ ಹಾಕಿಕೊಂಡು ಇಪ್ಪತ್ತೈದು ಮಿಲಿಮೀಟರಿನ ಸ್ಕ್ರೂ ಹಿಡಿಯುವುದೆಂದರೆ ಬಾಕ್ಸಿಂಗ್ ಗ್ಲೌಸಿನಲ್ಲಿ ಸಾಸಿವೆ ಹೆಕ್ಕಿದಂತೆ. ಹತ್ತು ಗಂಟೆಯೊಳಗೆ ನೆಲದ ಮೇಲೆ ಸ್ಕ್ರೂಗಳ ಮಳೆ ಸುರಿದಿತ್ತು. ಸೂರಿನಿಂದ ಬೈಗುಳದ ಮಳೆ.

ಆದರೆ ಅದಕ್ಕೆ ಮೊದಲೇ, ಏಳು ನಲವತ್ತಕ್ಕೆ, ಇನ್ನೊಂದು ನಡೆಯಿತು. ರಾಶಿಯ ಮೇಲಿನ ಬೋರ್ಡು ಎತ್ತಲು ಹೋದವನು “ರಕ್ತ!” ಎಂದು ಕೂಗಿದ.

ಫೆಲಿಸಿಟಿ ಬೋರ್ಡಿನ ಸುತ್ತ ಹಳದಿ ಪಟ್ಟಿ ಕಟ್ಟಿದಳು. ನಾಲ್ಕು ದಿಕ್ಕಿನಿಂದ ಫೋಟೋ ತೆಗೆದಳು. ತೊಟ್ಟಿನ ಪಕ್ಕ ಅಳತೆಪಟ್ಟಿ ಇಟ್ಟು ಐದನೆಯದನ್ನೂ ತೆಗೆದಳು. “ಯಾರೋ ಗಾಯ ಮಾಡ್ಕೊಂಡು ವರದಿ ಮಾಡಿಲ್ಲ. ಗಾಯ ತಪ್ಪಲ್ಲ, ಮುಚ್ಚಿಡೋದು ತಪ್ಪು. ಎಲ್ಲರ ಕೈ ನೋಡ್ಬೇಕು,” ಎಂದವಳು, ನಿಷ್ಪಕ್ಷಪಾತಿ ಯಾರೆಂದು ಸುತ್ತ ನೋಡಿ, “ನೆವಿಲ್, ನೀವೇ ನೋಡಿಬಿಡಿ,” ಎಂದಳು.

ಹೀಗೆ ಆ ಅಂಗಳದಲ್ಲಿ ಆ ಬೆಳಿಗ್ಗೆ ಗಾಯ ಮಾಡಿಕೊಂಡಿದ್ದ ಒಬ್ಬನೇ ಒಬ್ಬ ಮನುಷ್ಯ, ಗ್ಲೌಸ್ ಹಾಕಿಕೊಂಡು, ಬೇರೆಯವರ ಇಪ್ಪತ್ತೆರಡು ಕೈಗಳನ್ನು ಪರೀಕ್ಷೆ ಮಾಡುತ್ತಾ ಸಾಲಿನ ಉದ್ದಕ್ಕೂ ನಡೆದ. ಬ್ಲೇಡಿನ ಅಂಚು ನೋಡಲೆಂದು ಜೇಬಿನಲ್ಲಿಟ್ಟುಕೊಳ್ಳುತ್ತಿದ್ದ ಭೂತಗನ್ನಡಿಯನ್ನು ಹೊರತೆಗೆದ. ಹತ್ತು ಜನರಲ್ಲಿ ಗಾಯವಾದ ಕೈ ಒಂದೂ ಸಿಗಲಿಲ್ಲ. ಸಾಲಿನ ಕೊನೆಯಲ್ಲಿ ಸಿಯೋನೆ ನಿಂತಿದ್ದ, ತೋರುಬೆರಳಿಗೆ ಬ್ಯಾಂಡೇಜು ಸುತ್ತಿಕೊಂಡು.

“ಇದು ಶನಿವಾರದ್ದು,” ಎಂದ ಸಿಯೋನೆ. “ಚರ್ಚಿನ ಊಟಕ್ಕೆ ಕಾರ್ನ್ಡ್ ಬೀಫ್ ಮಾಂಸದ ತಗಡು ಡಬ್ಬ ತೆಗೀತಿದ್ದೆ. ನಲವತ್ತು ಡಬ್ಬ. ಮೂವತ್ತೆಂಟನೇದು ಕೊಯ್ತು.”

“ಹಾಗಾದ್ರೆ ಇಲ್ಲಿ ಬಿದ್ದಿರೋ ರಕ್ತ ಯಾರ್ದು?” ಎಂದಳು ಫೆಲಿಸಿಟಿ.

“ನಂದಲ್ಲ.”

“ನೆವಿಲ್, ನಿಮಗೆ ಅನುಭವ ಇದೆ. ಇದು ಡಬ್ಬದ ಮುಚ್ಚಳ ಕೊಯ್ದ ಗಾಯವೋ, ಚಾಕು ಕೊಯ್ದದ್ದೋ?”

ಸಿಯೋನೆ ಬಿಚ್ಚಿ ತೋರಿಸಿದ ಬೆರಳಿನ ಮೇಲೆ ನೆವಿಲ್ ಭೂತಗನ್ನಡಿ ಹಿಡಿದು ಬಗ್ಗಿದ. ಅಂಚು ಹರಿದ ಗಾಯ, ತಗಡಿನದೇ. ಕುರುಡನಿಗೂ ಗೊತ್ತಾಗುವಂಥದ್ದು. ಗಾಜಿನ ಆಚೆಗೆ ಸಿಯೋನೆಯ ಕಣ್ಣು ತಟ್ಟೆಯಷ್ಟಗಲವಾಗಿ ಅವನನ್ನೇ ನೋಡುತ್ತಿತ್ತು.

“ಹೇಳೋದು ಕಷ್ಟ,” ಎಂದ ನೆವಿಲ್.

ಎರಡೇ ಪದದ ಚಿಕ್ಕ ಮಾತು ಅದು. ಅದರ ಪರಿಣಾಮ ಮಾತ್ರ ಚಿಕ್ಕದಾಗಲಿಲ್ಲ. ಸಿಯೋನೆಯ ಹೆಸರಿನ ಎದುರು ‘ಗಾಯ ಮುಚ್ಚಿಟ್ಟಿದ್ದು, ಶಂಕೆ’ ಎಂದು ದಾಖಲಾಯಿತು. ಹದಿನೆಂಟು ವರ್ಷ ಚಾಕು ಹಿಡಿದವನನ್ನು ‘ಚಾಕು ಹಿಡಿಯುವ ಬಗೆ’ ಎಂಬ, ಮುಂದಿನ ವಾರದ ಅರ್ಧ ದಿನದ ತರಗತಿಗೆ ಸೇರಿಸಿದರು. ಮೇಸ್ತ್ರಿ ಪದವಿಯನ್ನು ‘ಸದ್ಯಕ್ಕೆ’ ತಡೆಹಿಡಿದರು. ಇದಲ್ಲದೆ ಅಲ್ಲಿ ಒಂದು ಪದ್ಧತಿಯಿದೆ: ಕೆಲಸದಲ್ಲಿ ಎಡವಟ್ಟು ಮಾಡಿದವನು ಶುಕ್ರವಾರ ಸಂಜೆ ಎಲ್ಲರಿಗೂ ಒಂದು ಪೆಟ್ಟಿಗೆ ಬಿಯರ್ ತರಬೇಕು. ಸಿಯೋನೆ ಕುಡಿಯುವವನಲ್ಲ, ಶುಂಠಿ ಪಾನಕದ ಪೆಟ್ಟಿಗೆ ತಂದ.

“ಹಿರಿಯನಿಗೆ ಮೊದಲು,” ಎಂದು ಮೊದಲ ಬಾಟಲಿಯನ್ನು ನೆವಿಲ್‌ಗೇ ಕೊಟ್ಟ. ನೆವಿಲ್ ಗ್ಲೌಸಿನಲ್ಲೇ ಹಿಡಿದು ಕುಡಿದ. ಶುಂಠಿ ಗಂಟಲನ್ನು ಸುಟ್ಟುಕೊಂಡು ಇಳಿಯಿತು. ಅಷ್ಟು ಖಾರದ ಶುಂಠಿ ಅದಾಗಿರಲಿಲ್ಲ.

ಮನೆಯಲ್ಲಿ ಬೇರೆ ಕಥೆ. ಹೆಂಡತಿ ಜೋಯ್ಲೀನ್ ಗಂಡನ ಬೆರಳುಗಳ ಕೀರ್ತಿಯನ್ನು ಮೂವತ್ತು ವರ್ಷದಿಂದ ಬೀದಿಯಲ್ಲೆಲ್ಲ ಹಂಚಿದ್ದಳು. ಅವಳಿಗೆ ಗೊತ್ತಾಗಬಾರದೆಂದು ನೆವಿಲ್ ಸೋಮವಾರ ರಾತ್ರಿಯೇ ರಬ್ಬರ್ ಗ್ಲೌಸ್ ಹಾಕಿಕೊಂಡು ಪಾತ್ರೆ ತೊಳೆಯಲು ನಿಂತ. ಮದುವೆಯಾದ ಮೇಲೆ ಮೊದಲ ಬಾರಿ. ಜೋಯ್ಲೀನ್ ಕಣ್ಣೊರೆಸಿಕೊಂಡಳು. ಮಂಗಳವಾರವೂ ತೊಳೆದ. ಬುಧವಾರ ತೋಟದ ಗ್ಲೌಸಿನಲ್ಲಿ ಟೀವಿ ನೋಡುತ್ತಾ ಕೂತದ್ದನ್ನು ಪಕ್ಕದ ಮನೆಯ ಲ್ಯುಬಿಚಾ ಕಿಟಕಿಯಿಂದ ಕಂಡಳು. ಲ್ಯುಬಿಚಾ ಮ್ಯಾಸಿಡೋನಿಯಾದಿಂದ ಬಂದವಳು, ನಿವೃತ್ತ ನರ್ಸು. ರೋಗ ಕಂಡರೆ ಕೆಲಸ ಸಿಕ್ಕಂತೆ ಹಿಗ್ಗುವ ಜೀವ.

“ಜೋಯ್ಲೀನ್, ನಿನ್ನ ಗಂಡಂಗೆ ಕಜ್ಜಿ,” ಎಂದಳು ಬೇಲಿಯ ಮೇಲಿಂದ. “ನಾಚ್ಕೋಬೇಡ. ನಲವತ್ತು ವರ್ಷ ನೋಡಿದೀನಿ. ಹಾಸಿಗೆ, ಹೊದಿಕೆ, ಎಲ್ಲಾ ಕುದಿಸು. ಗಂಡನ್ನ ಮಾತ್ರ ಕುದಿಸ್ಬೇಡ.”

ಶನಿವಾರದ ಹೊತ್ತಿಗೆ ಬೌಲ್ಸ್ ಕ್ಲಬ್ಬಿನ ಕಾರ್ಯದರ್ಶಿ ಫೋನು ಮಾಡಿ, ನೆವಿಲ್ ಆಡಲು ಬರುವುದಾದರೆ ತನ್ನ ಚೆಂಡನ್ನು ತಾನೇ ಮನೆಯಿಂದ ತರಬೇಕೆಂದೂ, ಯಾರ ಕೈಯನ್ನೂ ಕುಲುಕಬಾರದೆಂದೂ ಬಹಳ ಮರ್ಯಾದೆಯಿಂದ ಹೇಳಿದ. ಜೋಯ್ಲೀನ್ ಫೋನಿಟ್ಟು, ಗಂಡನನ್ನು ಬಚ್ಚಲುಮನೆಗೆ ಎಳೆದುಕೊಂಡು ಹೋಗಿ, ಬಾಗಿಲು ಹಾಕಿದಳು.

“ತೆಗಿ.”

“ಜೋಯ್…”

“ತೆಗಿ ಅಂದೆ!”

ಗ್ಲೌಸ್ ತೆಗೆದ. ಟೇಪು ಬಿಚ್ಚಿದ. ಅವಳು ಕನ್ನಡಕ ಹಾಕಿಕೊಂಡು ಹುಡುಕಿದಳು. ಮೊದಲು ಬಲಗೈಯಲ್ಲಿ ಹುಡುಕಿದಳು, ಆಮೇಲೆ ಎಡಗೈಯಲ್ಲಿ.

“ಎಲ್ಲಿದೆ?”

“ಅಲ್ಲೇ. ಹೆಬ್ಬೆರಳಲ್ಲಿ. ಗೆರೆ.”

“ಇದಾ?” ಎಂದಳು. “ಇದಕ್ಕಾ ನಾನು ನಾಲ್ಕು ಹೊದಿಕೆ ಕುದಿಸಿದ್ದು? ಇದಕ್ಕಿಂತ ದೊಡ್ಡದು ನಂಗೆ ಲಕೋಟೆ ಒಡೆಯೋವಾಗ ಆಗತ್ತಲ್ಲೋ!” ಎಂದು ಸ್ನಾನದ ತೊಟ್ಟಿಯ ಅಂಚಿನ ಮೇಲೆ ಕೂತು ನಕ್ಕಳು. ನೆವಿಲ್‌ಗೂ ನಗು ಬರುವಂತಾಯಿತು. ನಗುವಿನ ಸಡಿಲದಲ್ಲಿ ಬೋರ್ಡಿನ ಮೇಲಿನ ರಕ್ತ, ಭೂತಗನ್ನಡಿ, ಸಿಯೋನೆಯ ತರಗತಿ, ಶುಂಠಿ ಪಾನಕ, ಎಲ್ಲವನ್ನೂ ಹೇಳಿದ.

ಜೋಯ್ಲೀನ್ ನಗು ನಿಲ್ಲಿಸಿದಳು. ಕನ್ನಡಕ ತೆಗೆದಳು.

“ಸಿಯೋನೆನಾ? ನಮ್ಮ ಸೂರು ಸೋರಿದಾಗ ಭಾನುವಾರ ಚರ್ಚಿನ ಬಟ್ಟೆಯಲ್ಲೇ ಬಂದು ಏಣಿ ಹತ್ತಿದನಲ್ಲ, ಆ ಸಿಯೋನೆನಾ?”

ನೆವಿಲ್ ತಲೆಯಾಡಿಸಿದ.

“ಪಾತ್ರೆ ಅಲ್ಲಿದೆ, ತೊಳಿ,” ಎಂದು ಅವಳು ಎದ್ದು ಹೋದಳು. “ಗ್ಲೌಸ್ ಬೇಡ.”

ಸೋಮವಾರ ಹೇಳಿಬಿಡುವುದೆಂದು ನೆವಿಲ್ ನಿರ್ಧರಿಸಿದ. ಭಾನುವಾರವಿಡೀ ವಾಕ್ಯ ಜೋಡಿಸಿದ. ಸೋಮವಾರ ಬಾಯಿ ತೆರೆಯುವಷ್ಟರಲ್ಲಿ ಫೆಲಿಸಿಟಿ ಕೈ ಚಪ್ಪಾಳೆ ತಟ್ಟುತ್ತಾ ಬಂದಳು.

“ಎಲ್ಲರೂ ಕೇಳಿ! ಕಂಪನಿ ಒಪ್ಪಿದೆ. ನೆವಿಲ್ ಅವರ ಎರಡು ಕೈಗಳ ಎರಕ ತೆಗೆದು ಮುಖ್ಯ ಕಚೇರಿ ಬಾಗಿಲಲ್ಲಿ ಇಡ್ತೀವಿ! ‘ಮೂವತ್ತೊಂದು ವರ್ಷ, ಒಂದು ಗೀರೂ ಇಲ್ಲ’ ಅಂತ ಕೆಳಗೆ ಹಿತ್ತಾಳೆ ಫಲಕ. ಶುಕ್ರವಾರ ಅನಾವರಣ. ಎರಕ ಹಾಕೋದು ಸಿಯೋನೆ. ಪ್ಲಾಸ್ಟರಲ್ಲಿ ಅವರ ಕೈ ಹಿಡಿಯೋರಿಲ್ಲ.” ಇಬ್ಬರ ನಡುವಿನ ಮನಸ್ತಾಪವೂ ಇದರಿಂದ ತೀರಲಿ ಎಂಬುದು ಅವಳ ಒಳ್ಳೆಯ ಮನಸ್ಸು.

ನೆವಿಲ್ ಜೋಡಿಸಿಟ್ಟ ವಾಕ್ಯ ಒಳಗೇ ಬಿದ್ದುಹೋಯಿತು. ಅವನು ಕಳ್ಳಗಣ್ಣಿನಿಂದ ಹೆಬ್ಬೆರಳು ನೋಡಿಕೊಂಡ. ಗಾಯ ಮಾಗಿತ್ತು. ತೆಳುವಾದ ಗುಲಾಬಿ ಗೆರೆ, ಅಷ್ಟೇ. ಬಿಳಿ ಪ್ಲಾಸ್ಟರಿಗೆ ಗುಲಾಬಿ ಬಣ್ಣ ಬರುವುದಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡ.

ಪ್ಲಾಸ್ಟರಿಗೆ ಬಣ್ಣ ಕಾಣುವುದಿಲ್ಲ, ನಿಜ. ಆದರೆ ಆಕಾರದ ವಿಷಯದಲ್ಲಿ ಅದರಷ್ಟು ಸತ್ಯವಂತ ವಸ್ತು ಮನೆ ಕಟ್ಟುವ ಸಾಮಾನಿನಲ್ಲಿ ಇನ್ನೊಂದಿಲ್ಲ. ಬುಧವಾರ ನೆವಿಲ್ ಎರಡೂ ಕೈಗಳನ್ನು ಬಕೆಟ್ಟಿನಲ್ಲಿದ್ದ, ಅಚ್ಚು ತೆಗೆಯುವ ತಣ್ಣನೆಯ ಅಂಟಿನಲ್ಲಿ ನಾಲ್ಕು ನಿಮಿಷ ಅದ್ದಿ ಕೂತ. ಸಿಯೋನೆ ಅಚ್ಚಿಗೆ ಪ್ಲಾಸ್ಟರು ಸುರಿದ. ಗುರುವಾರ ಚಹಾದ ಬಿಡುವಿನಲ್ಲಿ ಸಾಮಾನು ಕೋಣೆಗೆ ಕರೆದ.

ಮೇಜಿನ ಮೇಲೆ ನೆವಿಲ್‌ನ ಎರಡು ಕೈಗಳಿದ್ದವು. ಉಗುರಿನ ಸೀಳು, ಬೆರಳ ತುದಿಯ ಸುಳಿ, ಉಂಗುರದ ಕೆಳಗಿನ ಮಡಿಕೆ, ಎಲ್ಲ ಇತ್ತು. ಎಡ ಹೆಬ್ಬೆರಳಿನ ಮೇಲೆ ಓರೆಯಾಗಿ, ನೇರಪಟ್ಟಿ ಇಟ್ಟು ಎಳೆದಂತೆ, ಒಂದು ತಗ್ಗು ಗೆರೆಯೂ ಇತ್ತು.

ಸಿಯೋನೆ ಜೇಬಿನಿಂದ ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟ. ನೆವಿಲ್‌ನದೇ, ಕೈ ಪರೀಕ್ಷೆ ಮಾಡಿದ ದಿನ ಮರೆತುಹೋಗಿದ್ದು.

“ಇದು ಡಬ್ಬದ ಮುಚ್ಚಳವೋ ಚಾಕುವೋ?” ಎಂದ. “ಹೇಳೋದು ಕಷ್ಟ, ಅಲ್ವಾ ನೆವ್?”

ನೆವಿಲ್‌ನ ಕಿವಿ ಇಟ್ಟಿಗೆ ಬಣ್ಣಕ್ಕೆ ತಿರುಗಿತು. “ಸಿಯೋನೆ, ನಾನು… ಶುಕ್ರವಾರ ಆಗ್ಲಿ… ಫಲಕ ಬೇರೆ ಮಾಡಿಸಿದಾರೆ…”

“ಅಗೋ ಪುಟ್ಟಿ ಡಬ್ಬ. ನಿನ್ ಕೈ, ನಿನ್ ಪುಟ್ಟಿ. ಬಳ್ಕೋಬೇಕಾದ್ರೆ ನೀನೇ ಬಳ್ಕೋ,” ಎಂದು ಸಿಯೋನೆ ತಲೆ ಬಗ್ಗಿಸಿ ಬಾಗಿಲು ದಾಟಿದ. “ನಂಗೆ ಮಧ್ಯಾಹ್ನ ತರಗತಿ ಇದೆ. ಚಾಕು ಹಿಡಿಯೋದು ಕಲೀಬೇಕು.”

ಆಗಲಾದರೂ ನೆವಿಲ್ ಹಿಂದೆ ಓಡಬೇಕಿತ್ತು. ಓಡಲಿಲ್ಲ. ಸಂದು ಮುಚ್ಚುವುದು ಮೂವತ್ತೊಂದು ವರ್ಷದ ಚಾಳಿ. ಕೈ ತಾನಾಗಿ ಕರಣೆಯ ಕಡೆ ಹೋಯಿತು. ಗೆರೆಗೆ ಒಂದು ಕೋಟು ಪುಟ್ಟಿ ಎಳೆದ. ಅತಿ ನಯವಾದ ಉಪ್ಪುಕಾಗದದಿಂದ ಉಜ್ಜಿದ. ಬೆಳಕಿಗೆ ಹಿಡಿದು ನೋಡಿದ. ಹುಟ್ಟಿದ ಮಗುವಿನ ಹೆಬ್ಬೆರಳು! ಅರೆಗಳಿಗೆ ಅವನಿಗೆ ಹೆಮ್ಮೆಯೂ ಆಯಿತು.

ಪುಟ್ಟಿ ಒಣಗುತ್ತಾ ಕುಗ್ಗುತ್ತದೆ. ಒಂದು ಕೋಟು ಹಾಕಿ ಬಿಟ್ಟರೆ ಕುಸಿದು, ಅಂಚು ಬಿಟ್ಟು, ಮೊದಲಿಗಿಂತ ಎದ್ದು ಕಾಣುತ್ತದೆ. ಆದ್ದರಿಂದ ಮೂರು ಕೋಟು, ಕೋಟಿಗೊಂದು ದಿನ. ಇದು ಆ ಕಸುಬಿನ ಮೊದಲ ಪಾಠ. ನೆವಿಲ್ ಇದನ್ನು ಎಷ್ಟೋ ಜನಕ್ಕೆ ಕಲಿಸಿದ್ದ. ಮೊಂಡು ಬ್ಲೇಡಿನ ಪಾಠವನ್ನು ಕಲಿಸಿದಷ್ಟೇ ಶ್ರದ್ಧೆಯಿಂದ.

ಶುಕ್ರವಾರ ಮೂರು ಗಂಟೆಗೆ ಅಂಗಳದಲ್ಲಿ ಮೇಜು ಹಾಕಿದರು. ಜೋಯ್ಲೀನ್ ಬಂದು ಹಿಂದಿನ ಸಾಲಿನಲ್ಲಿ ನಿಂತಳು, ತುಟಿ ಬಿಗಿದು. ಲ್ಯುಬಿಚಾ ಮುಲಾಮಿನ ಡಬ್ಬಿ ಹಿಡಿದು ಬಂದಿದ್ದಳು. ಹನ್ನೊಂದು ಜನ ಗ್ಲೌಸಿನಲ್ಲಿ ಚಪ್ಪಾಳೆ ತಟ್ಟಿದರು. ಒದ್ದೆ ಗೋಣಿ ಬಡಿದಂತೆ ಸದ್ದಾಯಿತು. ಫೆಲಿಸಿಟಿ ಬಟ್ಟೆ ಸರಿಸಿದಳು.

ಎರಡು ಕೈಗಳು ಹಾಲಿನ ಕೆನೆಯ ಬಣ್ಣದಲ್ಲಿ ನಿಂತಿದ್ದವು. ಎಡ ಹೆಬ್ಬೆರಳಿನ ಮೇಲೆ ಸುಣ್ಣದಂಥ ಬಿಳಿ ಗೆರೆ, ಮುದುಕನ ಹುಬ್ಬಿನಂತೆ, ದೂರದ ಸಾಲಿಗೂ ಕಾಣುತ್ತಿತ್ತು.

ಫೆಲಿಸಿಟಿ ಬಗ್ಗಿ ನೋಡಿದಳು. ಮುಖ ಸಣ್ಣದಾಯಿತು. “ಇಲ್ಲಿ ಏನೋ ರಿಪೇರಿ ಮಾಡಿದ ಹಾಗಿದೆಯಲ್ಲ. ಸಿಯೋನೆ, ಎರಕ ಒಡೆದು ತೇಪೆ ಹಾಕಿದ್ರಾ? ಹೇಳಬಹುದಿತ್ತಲ್ವಾ? ನೋಡಿ, ಮತ್ತೆ ಅದೇ. ಮುಚ್ಚಿಡೋದು.” ಟ್ಯಾಬು ಹೊರಬಂತು.

ಎಲ್ಲರೂ ಸಿಯೋನೆಯನ್ನು ನೋಡಿದರು. ಸಿಯೋನೆ ನೆವಿಲ್‌ನನ್ನು ನೋಡಿದ. ಆ ನೋಟವೇ ಹೆಚ್ಚಾಯಿತು. ಬೈದಿದ್ದರೆ ನೆವಿಲ್ ವಾದ ಮಾಡುತ್ತಿದ್ದನೋ ಏನೋ.

“ತೇಪೆ ನಂದು,” ಎಂದ ನೆವಿಲ್. ದನಿ ಯಾರದೋ ಎಂಬಂತಿತ್ತು. “ಬೆರಳೂ ನಂದು. ಬೋರ್ಡಿನ ಮೇಲಿದ್ದ ರಕ್ತಾನೂ ನಂದೇ.”

ಎರಡೂ ಗ್ಲೌಸು ತೆಗೆದು ಮೇಜಿನ ಮೇಲಿಟ್ಟು, ಎಡಗೈ ಚಾಚಿದ.

“ಕಜ್ಜಿ ಅಲ್ವಾ?” ಎಂದಳು ಲ್ಯುಬಿಚಾ, ನಿರಾಶೆಯಿಂದ.

ಆಮೇಲೆ ಹಿಂದಿನಿಂದ ಒಬ್ಬ, “ಅಂದ್ರೆ ಹನ್ನೊಂದು ದಿನದಿಂದ ನಾವು ಈ ಗ್ಲೌಸ್ ಹಾಕ್ಕೊಂಡಿರೋದು…” ಎಂದ. ವಾಕ್ಯ ಮುಗಿಸುವ ಮುಂಚೆಯೇ ಹನ್ನೊಂದು ಜೊತೆ ಗ್ಲೌಸು ನೆವಿಲ್‌ನ ಕಾಲ ಬುಡಕ್ಕೆ ಬಂದು ಬಿದ್ದವು.

“ಸಿಯೋನೆ,” ಎಂದ ನೆವಿಲ್. “ಆ ಗಾಯ ತಗಡಿನದು ಅಂತ ನೋಡಿದ ಕೂಡ್ಲೇ ಗೊತ್ತಾಗಿತ್ತು. ಹೇಳೋದು ಕಷ್ಟ ಏನಿರಲಿಲ್ಲ.”

“ಹೇಳೋದು ಕಷ್ಟನೇ ಇತ್ತು,” ಎಂದ ಸಿಯೋನೆ. “ಅದಕ್ಕೇ ಹನ್ನೊಂದು ದಿನ ಹಿಡೀತು. ಶುಂಠಿ ಪಾನಕ ಎರಡು ಪೆಟ್ಟಿಗೆ ತರ್ಬೇಕು ನೀನು. ಒಂದು ನಿಂದು, ಒಂದು ನಂಗೆ ಬರ್ಬೇಕಾದ ಬಾಕಿ.”

ಫೆಲಿಸಿಟಿ ಹಳೆಯ ದಾಖಲೆ ಅಳಿಸಿ, ಸಿಯೋನೆಯ ಕ್ಷಮೆ ಕೇಳಿ, ಮೇಸ್ತ್ರಿ ಪದವಿಯ ಕಾಗದ ಸೋಮವಾರವೇ ಬರುತ್ತದೆಂದಳು. ಆಮೇಲೆ ಕುರ್ಚಿ ಎಳೆದುಕೊಂಡು ಹೊಸ ಅರ್ಜಿ ತೆರೆದಳು. ಅವಳಿಗೆ ಸಿಟ್ಟು ಬಂದರೆ ದನಿ ಏರುತ್ತಿರಲಿಲ್ಲ, ಪ್ರಶ್ನೆಗಳು ಹೆಚ್ಚುತ್ತಿದ್ದವು.

“ಗಾಯ ಆದ ದಿನ, ಹೊತ್ತು?”

“ಅಕ್ಟೋಬರ್ ಹದಿನೈದು. ಆರು ಐವತ್ತೆರಡು.”

“ಅಷ್ಟು ಖಚಿತವಾಗಿ?”

“ಗಡಿಯಾರ ನೋಡ್ಕೊಂಡೆ. ಭಾಷಣಕ್ಕೆ ಎಂಟು ನಿಮಿಷ ಇತ್ತು.”

“ಏನು ಕೊಯ್ತಿದ್ರಿ?”

ನೆವಿಲ್ ನೆಲ ನೋಡಿದ. “ಸುರಕ್ಷತೆ ಪೋಸ್ಟರಿನ ಕಟ್ಟು.”

“ಯಾವ ದಿಕ್ಕಿಗೆ?”

“ನನ್ನ ಕಡೆಗೇ.”

“ಬ್ಲೇಡಿನ ಸ್ಥಿತಿ?”

“ಮೊಂಡು.”

“ಕೊನೇ ಸಲ ಬದಲಿಸಿದ್ದು?”

“ಈಸ್ಟರ್,” ಎಂದ ನೆವಿಲ್. ಅಂಗಳದಲ್ಲಿ ಯಾರೋ ದೀರ್ಘವಾಗಿ ಶಿಳ್ಳೆ ಹಾಕಿದರು. ಜೋಯ್ಲೀನ್ ಕೈಯಿಂದ ಮುಖ ಮುಚ್ಚಿಕೊಂಡಳು.

“ಗಾಯದ ಉದ್ದ?”

ಬೆರಳು ನೋಡಿದರು. ಗೆರೆ ಮಾಸಿ ತುದಿ ಎಲ್ಲಿ, ಮೊದಲು ಎಲ್ಲಿ ಎಂದು ತಿಳಿಯುವಂತಿರಲಿಲ್ಲ. ಅರ್ಜಿಯಲ್ಲಿ ಖಾಲಿ ಬಿಡುವಂತಿಲ್ಲ ಎಂದಳು ಫೆಲಿಸಿಟಿ. ಸಿಯೋನೆ ತನ್ನ ಚಾಕು ತೆಗೆದ, ಹಳೆಯ ಬ್ಲೇಡನ್ನು ಬಿಸ್ಕತ್ ಡಬ್ಬದ ಸೀಳಿಗೆ ಹಾಕಿ ಹೊಸದನ್ನು ಕೂರಿಸಿದ, ಎರಕದ ಹೆಬ್ಬೆರಳಿನಿಂದ ಪುಟ್ಟಿಯನ್ನು ಒಂದೇ ಎಳೆತಕ್ಕೆ ಎಬ್ಬಿಸಿ ಊದಿದ. ಬಿಳಿ ಪುಡಿ ನೆವಿಲ್‌ನ ಬೂಟಿನ ಮೇಲೆ ಬಿತ್ತು. ಗೆರೆ ಮೊದಲಿದ್ದಂತೆಯೇ ಇತ್ತು. ವರ್ನಿಯರ್ ಕ್ಯಾಲಿಪರಿನ ಎರಡು ಕೊಕ್ಕುಗಳನ್ನು ಅದರ ಎರಡು ತುದಿಗೆ ತಾಗಿಸಿ, ಓದಲು ಭೂತಗನ್ನಡಿಯನ್ನು ನೆವಿಲ್‌ನ ಕೈಗೇ ಕೊಟ್ಟ.

ನೆವಿಲ್ ಬಗ್ಗಿ, ಎಲ್ಲರಿಗೂ ಕೇಳುವಂತೆ ಓದಿದ: ಹನ್ನೊಂದು ದಶಾಂಶ ಎರಡು ಮಿಲಿಮೀಟರ್.